ಗಾಡಿ ಎಂಜಿನ್ ಕೈಕೊಟ್ಟಾಗ: ದಾವಣಗೆರೆ–ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೃತ್ತಿಯಲ್ಲಿ ಮೆಕ್ಯಾನಿಕ್ ಅಲ್ಲ. ಹಳೇ ಗಾಡಿ ಹುಚ್ಚಿನ ಆರು ಮಂದಿ ನಾವು: ದಾವಣಗೆರೆಯವರು ಮೂವರು, ಚಿತ್ರದುರ್ಗದವರು ಇಬ್ಬರು, ಹೊಳಲ್ಕೆರೆ ಕಡೆಯ ಟ್ರ್ಯಾಕ್ಟರ್ ಬಲ್ಲ ಹಿರಿಯರೊಬ್ಬರು. ಸಂಜೆ ಮಂಡಕ್ಕಿ-ಮಿರ್ಚಿ ಮುಂದೆ ಕೂತಾಗ, ಫೋನಿನಲ್ಲಿ, ಕೊನೆಗೆ ಮದುವೆಮನೆ ಪಂಕ್ತಿಯಲ್ಲೂ ಜನ ಎಂಜಿನ್ ವಿಷಯ ತೆಗೆಯುತ್ತಾರೆ. ಹೇಳಿದ್ದನ್ನೇ ಹೇಳಿ ಬಾಯಿ ನೊಂದ ಮೇಲೆ ಇದನ್ನು ಬರೆದಿಟ್ಟೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಕೇಳುವ ಮೊದಲು

"ಅಣ್ಣಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ. ಏನಾಗಿರಬಹುದು?"

ಈ ಒಂದು ಸಾಲಿಗೆ ಇಪ್ಪತ್ತು ಉತ್ತರ ಇವೆ. ಯಾವ ಗಾಡಿ, ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದು ಮೊದಲು ಹೇಳಿ. ಆಮೇಲೆ "ಸ್ಟಾರ್ಟ್ ಆಗ್ತಿಲ್ಲ" ಅಂದರೆ ಮೂರರಲ್ಲಿ ಯಾವುದು? ಸೆಲ್ಫ್ ಒತ್ತಿದರೆ ಎಂಜಿನ್ ತಿರುಗುವುದೇ ಇಲ್ಲವಾ? ತಿರುಗುತ್ತೆ, ಆದರೆ ಹತ್ತಿಕೊಳ್ಳುವುದಿಲ್ಲವಾ? ಹತ್ತಿಕೊಂಡು ತಕ್ಷಣ ಆಫ್ ಆಗುತ್ತಾ? ಮೊದಲನೆಯದಕ್ಕೆ ಬ್ಯಾಟರಿ ಕಡೆ ಹೋಗಬೇಕು, ಎರಡನೆಯದಕ್ಕೆ ಕಿಡಿ ಅಥವಾ ಪೆಟ್ರೋಲ್ ಕಡೆ, ಮೂರನೆಯದಕ್ಕೆ ಬಹುತೇಕ ಪೆಟ್ರೋಲ್ ಮತ್ತು ಗಾಳಿಯ ಕಡೆ.

ಇನ್ನೊಂದು ವಿಷಯ, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ: ತೊಂದರೆ ಶುರುವಾಗುವ ಮೊದಲು ಗಾಡಿಗೆ ಕೊನೆಯದಾಗಿ ಏನು ಮಾಡಿಸಿದಿರಿ? ಅರ್ಧ ಗಂಟೆ ಮಾತಾಡಿ, ಪ್ಲಗ್ ಬಿಚ್ಚಿಸಿ, ಫ್ಯೂಸ್ ನೋಡಿಸಿ ಎಲ್ಲ ಆದಮೇಲೆ "ಹಾಂ, ನಿನ್ನೆ ವಾಟರ್ ಸರ್ವಿಸ್ ಮಾಡಿಸಿದ್ದೆ" ಅಂತ ಬರುತ್ತೆ. ಪ್ಲಗ್ ಕ್ಯಾಪಿನೊಳಗೆ ನೀರು ನಿಂತಿರುತ್ತೆ. ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟರೆ ಮುಗಿಯುವ ಕೆಲಸ.

"ನಾಲ್ಕು ಜನ ನಾಲ್ಕು ಥರ ಹೇಳ್ತಾರೆ. ಯಾರ ಮಾತು ಕೇಳೋದು?"

ನನ್ನದೇ ಕಥೆ ಹೇಳುತ್ತೇನೆ. ಹಳೇ ನೂರು ಸಿಸಿ ಬೈಕು, ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರಿನದ್ದು. ದಾವಣಗೆರೆ ಬಿಟ್ಟು ಚಿತ್ರದುರ್ಗದ ಕಡೆ ಹೊರಟರೆ ಆನಗೋಡು ದಾಟುತ್ತಿದ್ದ ಹಾಗೆ ಉಸಿರು ಕಟ್ಟಿದಂತಾಗಿ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್. ಒಬ್ಬರು ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಬಿಸಿಯಾಗಿ ಕೈಕೊಡ್ತಿದೆ ಅಂದರು, ಹೊಸದು ಹಾಕಿಸಿದೆ. ಇನ್ನೊಬ್ಬರು ಕಿಡಿಯ ಸಮಯ ನೋಡಿಕೊಳ್ಳುವ ಸಿಡಿಐ ಡಬ್ಬಿ ಅಂದರು, ಅದೂ ಬಂತು. ಮೂರನೆಯವರು ಕಾರ್ಬುರೇಟರ್ ಪೂರ್ತಿ ಬದಲಾಯಿಸು ಅಂದರು. ಹೊಳಲ್ಕೆರೆಯ ಹಿರಿಯರು ಮಾತ್ರ ಸಾಮಾನಿನ ಹೆಸರು ಹೇಳಲಿಲ್ಲ, "ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದೀಯೇನಪ್ಪಾ?" ಅಂತ ಕೇಳಿದರು. ಮುಂದಿನ ಸಲ ಹೆದ್ದಾರಿ ಪಕ್ಕ ನಿಂತಾಗ ತೆಗೆದೆ. ಸುಂಯ್ ಅಂತ ಗಾಳಿ ಒಳಕ್ಕೆ ಎಳೆದುಕೊಂಡಿತು. ಒಂದೇ ಕಿಕ್ಕಿಗೆ ಸ್ಟಾರ್ಟ್. ಮುಚ್ಚಳದಲ್ಲಿ ಗಾಳಿ ಹೋಗಲು ಇರುವ ಸಣ್ಣ ತೂತು, ನಾನೇ ತಿಕ್ಕಿ ತಿಕ್ಕಿ ಹಚ್ಚಿದ ಪಾಲಿಶ್ ಒಣಗಿ ಮುಚ್ಚಿಹೋಗಿತ್ತು. ಪೆಟ್ರೋಲ್ ಕೆಳಗೆ ಇಳಿದಂತೆ ಟ್ಯಾಂಕಿನಲ್ಲಿ ನಿರ್ವಾತ ಆಗಿ, ಆಮೇಲೆ ಪೆಟ್ರೋಲ್ ಇಳಿಯುವುದೇ ನಿಂತುಬಿಡುತ್ತಿತ್ತು. ಗುಂಡುಪಿನ್ನಿನಲ್ಲಿ ಸರಿಯಾಯಿತು. ಆ ಕಾಯಿಲ್, ಸಿಡಿಐ ಇನ್ನೂ ಅಟ್ಟದ ಮೇಲಿವೆ.

ಅವತ್ತಿನಿಂದ ನನ್ನ ಲೆಕ್ಕ ಇದು: "ಇದನ್ನು ಬದಲಾಯಿಸು" ಅನ್ನುವವರ ಮಾತಿಗಿಂತ "ಇದನ್ನು ಹೀಗೆ ನೋಡು, ಏನಾಗುತ್ತೆ ಹೇಳು" ಅನ್ನುವವರ ಮಾತಿಗೆ ತೂಕ ಜಾಸ್ತಿ. ಇಬ್ಬರು ಪರೀಕ್ಷೆ ಹೇಳಿದರೆ ಖರ್ಚಿಲ್ಲದ್ದನ್ನು ಮೊದಲು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಸಾಮಾನು ಒಟ್ಟಿಗೆ ಹಾಕಿಸಿ ಗಾಡಿ ಸರಿಯಾದರೆ, ಯಾವುದರಿಂದ ಆಯಿತು ಅನ್ನೋದು ನಿಮಗೂ ಗೊತ್ತಿಲ್ಲ, ಮೆಕ್ಯಾನಿಕ್‌ಗೂ ಗೊತ್ತಿಲ್ಲ.

"ಸೌಂಡ್ ರೆಕಾರ್ಡ್ ಮಾಡಿ ವಾಟ್ಸಾಪ್ ಮಾಡಿದ್ರೆ ಕೇಳಿ ಹೇಳ್ತೀರಾ?"

ಹೇಳಬಹುದು, ರೆಕಾರ್ಡ್ ಸರಿಯಿದ್ದರೆ. ಸೈಲೆನ್ಸರ್ ಹಿಂದೆ ಫೋನ್ ಹಿಡಿದು ಗುರ್ ಅನ್ನಿಸಿ ಕಳಿಸಿದರೆ ಏನೂ ತಿಳಿಯಲ್ಲ. ರಾತ್ರಿಯಿಡೀ ನಿಂತು ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗ ಒಂದು, ಬಿಸಿಯಾದ ಮೇಲೆ ಒಂದು. ಎಂಜಿನ್ನಿನ ಎಡಗಡೆ ಅರ್ಧ ನಿಮಿಷ, ಬಲಗಡೆ ಅರ್ಧ ನಿಮಿಷ, ಯಾವ ಕಡೆ ಅಂತ ಬಾಯಲ್ಲೂ ಹೇಳಿ. ಮೊದಲು ರೇಸ್ ಕೊಡದೆ, ಆಮೇಲೆ ನಿಧಾನಕ್ಕೆ ಕೊಡುತ್ತಾ.

ಇನ್ನೂ ಒಳ್ಳೆಯ ಉಪಾಯ ಉದ್ದನೆಯ ಸ್ಕ್ರೂಡ್ರೈವರ್. ತುದಿ ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಸದ್ದು ಮೇಲಿನ ಹೆಡ್ಡಿನಿಂದ ಬರ್ತಿದೆಯೋ, ಕೆಳಗಿನ ಕೇಸಿನಿಂದಲೋ ತಟ್ಟನೆ ಗೊತ್ತಾಗುತ್ತೆ. ಕಾರು, ಟ್ರ್ಯಾಕ್ಟರ್ ಆದರೆ ಫ್ಯಾನ್ ಬೆಲ್ಟಿನಿಂದ ದೂರ ಇರಿ, ಹೆಗಲ ಮೇಲಿನ ಟವಲ್ ತೆಗೆದಿಡಿ. ಮೇಲಿಂದ ಚಿಟಚಿಟ ಬಂದರೆ ಟ್ಯಾಪೆಟ್ (ವಾಲ್ವ್ ಒತ್ತಿ ತೆರೆಯುವ ಭಾಗ) ಕಡೆ, ಪಕ್ಕದಿಂದ ಸರಪರ ಅಂದರೆ ಕ್ಯಾಮ್ ಚೈನ್. ಕೆಳಗಿಂದ ರೇಸಿನ ಜೊತೆ ಹೆಚ್ಚಾಗುವ ಭಾರವಾದ ಧಣಧಣ ಬಂದರೆ ಗಾಡಿ ಅಲ್ಲೇ ನಿಲ್ಲಿಸಿ, ಕನೆಕ್ಟಿಂಗ್ ರಾಡ್ ಬೇರಿಂಗ್ ಇರಬಹುದು.

## ದಿನಾ ಬರುವ ತಂಟೆಗಳು

"ಬೆಳಿಗ್ಗೆ ಹತ್ತು ಕಿಕ್ ಹೊಡೀಬೇಕು, ಆಮೇಲೆ ದಿನವೆಲ್ಲಾ ಒಂದೇ ಕಿಕ್. ಯಾಕೆ?"

ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು. ಅದನ್ನು ಕೊಡುವುದು ಚೋಕ್. ಲಿವರ್ ಎಳೆದರೂ ಕೆಳಗೆ ಕಾರ್ಬುರೇಟರಿನಲ್ಲಿ ಕೇಬಲ್ ಅಲುಗುತ್ತಿದೆಯಾ ನೋಡಿ. ತುಕ್ಕು ಹಿಡಿದು ಅಂಟಿಕೊಂಡಿರುವುದೇ ಹೆಚ್ಚು. ಅದು ಸರಿಯಿದ್ದರೆ ಪ್ಲಗ್ ಬಿಚ್ಚಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಚೆನ್ನಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಜಿಡ್ಡು ಕರಿ ಇದ್ದರೆ ಆಯಿಲ್ ಮೇಲೆ ಬರ್ತಿದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ.

ಮೂರನೆಯದು ವಾಲ್ವ್ ಬಿಗಿಯಾಗಿರುವುದು. ಟ್ಯಾಪೆಟ್ ಸದ್ದು ಬರಲ್ಲ ಅಂತ ಖುಷಿಪಡುವವರಿದ್ದಾರೆ. ಸದ್ದೇ ಇಲ್ಲದಷ್ಟು ಬಿಗಿ ಮಾಡಿಸಿದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಸೋರುತ್ತೆ, ಎಕ್ಸಾಸ್ಟ್ ವಾಲ್ವ್ ಸುಟ್ಟೇ ಹೋಗಬಹುದು. ಎಷ್ಟು ಸಂದು ಬಿಡಬೇಕು ಅನ್ನೋದು ಗಾಡಿ ಜೊತೆ ಬಂದ ಪುಸ್ತಕ ಅಥವಾ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತೆ. ತಣ್ಣಗಿದ್ದಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿಯೇ ಅಳೆಸಿ. ಕೈಯಂದಾಜು ಬೇಡ.

"ಸೆಲ್ಫ್ ಒತ್ತಿದ್ರೆ ಟಕ್ ಅನ್ನುತ್ತೆ, ಅಷ್ಟೇ."

ಮಲ್ಟಿಮೀಟರ್ ಒಂದನ್ನು ಕೊಳ್ಳಿ. ಕಮ್ಮಿ ಬೆಲೆಯದ್ದೇ ಸಾಕು. ರಾತ್ರಿಯಿಡೀ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲಿ 12.6ರ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ, 12.2ಕ್ಕೆ ಸುಮಾರು ಅರ್ಧ. ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ಎಂಜಿನ್ ಓಡುವಾಗ 13.5ರಿಂದ 14.5ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ಹೊಸ ಬ್ಯಾಟರಿ ಹಾಕಿದರೂ ಅದು ಖಾಲಿಯಾಗುತ್ತೆ, ತಪ್ಪು ಚಾರ್ಜಿಂಗ್ ಕಡೆ ಇದೆ. ಎಲ್ಲ ಅಂಕಿ ಸರಿಯಿದ್ದೂ ಟಕ್ ಅಂದರೆ ಟರ್ಮಿನಲ್ ಮೇಲಿನ ಹಸಿರು-ಬಿಳಿ ಹಿಟ್ಟು ಕೆರೆಸಿ, ಅರ್ಥ್ ವೈರಿನ ನಟ್ಟು ಬಿಗಿ ಮಾಡಿಸಿ, ಆಮೇಲೆ ಸ್ಟಾರ್ಟರ್ ರಿಲೇ ನೋಡಿಸಿ.

"ಪೆಟ್ರೋಲ್ ಹಾಕಿಸಿದ ಮಾರನೇ ದಿನದಿಂದ ಮಿಸ್ಸಿಂಗ್ ಹೊಡೀತಿದೆ. ಬಂಕಿನವರ ಮೋಸಾನಾ?"

ಬೈಯುವ ಮೊದಲು ನೋಡಿ. ಕಾರ್ಬುರೇಟರ್ ಗಾಡಿಯಾದರೆ ಕೆಳಗಿನ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಅಲುಗಿಸದೆ ಇಟ್ಟರೆ ನೀರು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತೆ. ಬೀಡಿ ಸೇದುವವರು ದೂರ ಕೂರಲಿ.

ನೀರು ಸಿಕ್ಕಿತು ಅಂದ ಮಾತ್ರಕ್ಕೆ ಬಂಕಿನ ತಪ್ಪು ಅಂತಲೂ ಅಲ್ಲ. ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವ ಹೀರುತ್ತೆ. ಒಂದು ಮಟ್ಟ ದಾಟಿದರೆ ನೀರು, ಎಥೆನಾಲ್ ಎರಡೂ ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಡಿಯನ್ನು ಅಂಗಳದಲ್ಲೇ ತಿಂಗಳುಗಟ್ಟಲೆ ನಿಲ್ಲಿಸಿದರೆ, ಅಥವಾ ಟ್ಯಾಂಕ್ ಮುಚ್ಚಳದ ರಬ್ಬರ್ ಒಡೆದು ಮಳೆನೀರು ಇಳಿದರೆ ಮನೆಯಲ್ಲೇ ಈ ಕಥೆ ಆಗುತ್ತೆ. ಹಳೇ ಗಾಡಿಗಳ ರಬ್ಬರ್ ಪೈಪು, ಓರಿಂಗ್ ಇದರಿಂದ ಉಬ್ಬಿ ಬಿರಿಯುವುದೂ ಇದೆ, ವರ್ಷಕ್ಕೊಮ್ಮೆ ಕೈಯಲ್ಲಿ ಹಿಸುಕಿ ನೋಡಿ. ಮೈಲೇಜ್ ಸ್ವಲ್ಪ ಇಳಿದಿದ್ದರೆ ಎಂಜಿನ್ ಬೈಯಬೇಡಿ: ಪೆಟ್ರೋಲಿಗೆ ಹೋಲಿಸಿದರೆ ಎಥೆನಾಲ್‌ನಲ್ಲಿ ಲೀಟರಿಗೆ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ.

"ಕಾರಿಗೆ ತಂದ ಆಯಿಲ್ ಒಂದು ಲೀಟರ್ ಉಳಿದಿದೆ. ಬೈಕಿಗೆ ಹಾಕ್ಲಾ?"

ಬೇಡ. ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ. ಹಲವು ಕಾರ್ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುತ್ತೆ, ಅದರಿಂದ ಕ್ಲಚ್ ಜಾರುತ್ತೆ. ಡಬ್ಬಿಯ ಹಿಂದೆ "ಜಾಸೋ ಎಂಎ" ಅಥವಾ "ಎಂಎ2" ಅಂತ ಇದ್ದರೆ ಬೈಕಿಗೆ. "ಎಂಬಿ" ಅಂತ ಇದ್ದರೆ ಗೇರಿಲ್ಲದ ಸ್ಕೂಟರಿಗೆ, ಅದರ ಕ್ಲಚ್ ಒಣಗಿರುತ್ತೆ.

"ಏರ್ ಫಿಲ್ಟರ್‌ಗೆ ಪಂಕ್ಚರ್ ಅಂಗಡೀಲಿ ಗಾಳಿ ಹೊಡೆಸಿದ್ರೆ ಸಾಕಲ್ವಾ?"

ಒಣ ಪೇಪರ್ ಫಿಲ್ಟರ್ ಆದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ ಹೊಡೆಸಬಹುದು. ಹೊರಗಿನಿಂದ ಒಳಕ್ಕೆ ಹೊಡೆದರೆ ಧೂಳು ಇನ್ನೂ ಒಳಗೆ ಕೂರುತ್ತೆ. ಮುಟ್ಟಿದರೆ ಜಿಡ್ಡು ಹತ್ತುವ ಫಿಲ್ಟರ್ ಇದೆಯಲ್ಲ, ಅದನ್ನು ಹೊಡೆಸುವಂತಿಲ್ಲ, ತೊಳೆಯುವಂತಿಲ್ಲ, ಅವಧಿಯಾದ ಮೇಲೆ ಬದಲಾಯಿಸುವುದೇ. ಸ್ಪಂಜಿನದ್ದನ್ನು ತೊಳೆದು ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಹಾಕಬೇಕು. ಪುಸ್ತಕದಲ್ಲಿ ಬರೆದ ಅವಧಿ ಡಾಂಬರ್ ರಸ್ತೆಯವರಿಗೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೇಸಿಗೆಯ ಧೂಳಿನಲ್ಲಿ ಓಡಾಡುವವರು, ಮೆಕ್ಕೆಜೋಳ ಒಕ್ಕುವ ಕಣದ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸುವವರು ಅದರ ಅರ್ಧಕ್ಕೇ ನೋಡಿಕೊಳ್ಳಿ. ಫಿಲ್ಟರ್ ತೆಗೆದಿಟ್ಟು ಓಡಿಸಿದರೆ ಪಿಕಪ್ ಚೆನ್ನಾಗಿರುತ್ತೆ ಅನ್ನುವವರೂ ಸಿಗುತ್ತಾರೆ. ಆ ಧೂಳು ಬೋರನ್ನು, ಅಂದರೆ ಪಿಸ್ಟನ್ ಓಡಾಡುವ ಕೊಳವೆಯನ್ನು, ಉಪ್ಪುಕಾಗದದ ಹಾಗೆ ತಿಕ್ಕುತ್ತೆ.

## ಹೊಗೆ, ಶಾಖ, ಗಾಳಿ

"ಸೈಲೆನ್ಸರ್‌ನಲ್ಲಿ ಹೊಗೆ ಬರ್ತಿದೆ. ಎಂಜಿನ್ ಕೆಲಸ ಬಂತಾ?"

ಯಾವ ಬಣ್ಣ, ಯಾವಾಗ? ನೀಲಿ ಛಾಯೆ ಇದ್ದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಮೋಡ ಬಂದು ನಿಂತರೆ ವಾಲ್ವ್ ಸೀಲ್ ಕಡೆ ಅನುಮಾನ, ಅದು ಸಣ್ಣ ಕೆಲಸ. ರೇಸ್ ಕೊಟ್ಟಷ್ಟೂ ಬರುತ್ತಲೇ ಇದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಬೋರ್. ಕಪ್ಪು ಹೊಗೆ ಇಂಧನ ಜಾಸ್ತಿ, ಗಾಳಿ ಕಮ್ಮಿ ಅಂತ. ಚಳಿಗಾಲದ ಬೆಳಿಗ್ಗೆಯ ತೆಳು ಬಿಳಿ ಹೊಗೆ ಬರೀ ನೀರಾವಿ, ಬಿಟ್ಟುಬಿಡಿ. ಆದರೆ ಕಾರಿನಲ್ಲಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಜೊತೆಗೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ಸೋರದಂತೆ ಹಾಕುವ ಪದರ) ನೋಡಿಸಬೇಕು. ಡೀಸೆಲ್ ಗಾಡಿಯ ಬಿಳಿ ಹೊಗೆಗೆ ಇನ್ನೊಂದು ಅರ್ಥ ಇದೆ: ಉರಿಯದ ಡೀಸೆಲ್. ಕಣ್ಣು ಉರಿಯುವ ವಾಸನೆಯಿಂದ ಗೊತ್ತಾಗುತ್ತೆ.

"ಹೈವೇನಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು. ರೇಡಿಯೇಟರ್‌ಗೆ ನೀರು ಹಾಕ್ಬೋದಾ?"

ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ಈ ಒಂದು ಮಾತಿಗೆ ಚರ್ಚೆ ಇಲ್ಲ. ಮುಚ್ಚಳ ಒತ್ತಡ ಹಿಡಿದಿಡುತ್ತೆ, 0.9 ಬಾರ್ ಒತ್ತಡದ ಮುಚ್ಚಳವಿದ್ದರೆ ಬರೀ ನೀರೇ ಸುಮಾರು 118 ಡಿಗ್ರಿ ತನಕ ಕುದಿಯದೆ ಇರುತ್ತೆ. ತೆರೆದ ಕ್ಷಣ ಒತ್ತಡ ಹೋಗಿ ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತೆ. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ರಬ್ಬರ್ ಪೈಪು ಹಿಸುಕಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಾಕಿ ಮೆಲ್ಲಗೆ ತೆರೆಯಿರಿ.

ಊರು ಸೇರಲು ಯಾವ ನೀರಾದರೂ ನಡೆಯುತ್ತೆ. ಕಾಯಂ ಆಗಿ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಬೋರ್ ನೀರು ಕಾಸಿದ ಪಾತ್ರೆಯ ತಳ ನೋಡಿ, ಆ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರೋದು. ಕೂಲೆಂಟ್ ಜೊತೆ ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಟ್ರ್ಯಾಕ್ಟರ್ ಆದರೆ ಮೊದಲು ರೇಡಿಯೇಟರಿನ ಮುಂದೆ ಬಗ್ಗಿ ನೋಡಿ. ಅರ್ಧ ಸಲ ಕಾಯಿಲೆ ಮೆಕ್ಕೆಜೋಳದ ಹೊಟ್ಟು.

"ಬಿತ್ತನೆ ಟೈಮಲ್ಲಿ ಟ್ರ್ಯಾಕ್ಟರ್ ಡೀಸೆಲ್ ಖಾಲಿಯಾಗಿ ನಿಂತ್ತು. ಡೀಸೆಲ್ ಹಾಕಿದ್ರೂ ಸ್ಟಾರ್ಟ್ ಆಗ್ತಿಲ್ಲ."

ಪೈಪಿನಲ್ಲಿ ಏರ್ ಹಿಡಿದಿದೆ. ಹೊಳಲ್ಕೆರೆಯ ಹಿರಿಯರು ಫೋನಿನಲ್ಲೇ ಎಷ್ಟೋ ಜನರಿಗೆ ಮಾಡಿಸಿದ ಕೆಲಸ ಇದು. ಟ್ಯಾಂಕಿಗೆ ಡೀಸೆಲ್ ತುಂಬಿ ಕಾಕ್ ತೆರೆಯಿರಿ. ಡೀಸೆಲ್ ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೈಪಂಪು ಒತ್ತುತ್ತಾ ಇರಿ. ಮೊದಲು ನೊರೆನೊರೆಯಾಗಿ ಬರುತ್ತೆ. ಗುಳ್ಳೆಯಿಲ್ಲದ ಡೀಸೆಲ್ ಧಾರೆ ಬಂದ ಮೇಲೆ, ಪಂಪು ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಎಫ್‌ಐ ಪಂಪಿನ (ಇಂಜೆಕ್ಟರ್‌ಗೆ ಡೀಸೆಲ್ ತಳ್ಳುವ ಪಂಪು) ಸ್ಕ್ರೂಗೂ ಹಾಗೆಯೇ. ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ, ಈ ಕ್ರಮ ತಪ್ಪಿದರೆ ಮತ್ತೆ ಮೊದಲಿಂದ.

ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಕಡೆಯ ನಟ್ಟು ಯಾವ ಕಾರಣಕ್ಕೂ ಸಡಿಲಿಸಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟಿರುತ್ತೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತೆ.

## ಎಂಜಿನ್ ಬಿಚ್ಚುವ ಮುನ್ನ

"ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂತಾರೆ. ನಿಜಾನಾ ಅಂತ ತಿಳಿಯೋದು ಹೆಂಗೆ?"

ಕಂಪ್ರೆಶನ್ ಗೇಜ್ ಇರುವವರ ಹತ್ತಿರ ಹೋಗಿ. ಪ್ಲಗ್ ಜಾಗಕ್ಕೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಿರಿ. ಅಂಕಿ ಬರೆದುಕೊಳ್ಳಿ. ಈಗ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ಸೋರುವುದು ರಿಂಗಿನ ಪಕ್ಕ, ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿದೆ. ಏರದಿದ್ದರೆ ಸೋರಿಕೆ ಮೇಲೆ: ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಹೆಡ್ ಕೆಲಸಕ್ಕೂ ಬೋರ್ ಕೆಲಸಕ್ಕೂ ಖರ್ಚಿನಲ್ಲಿ ಭೂಮಿ-ಆಕಾಶ. ಒಂದು ಚಮಚ ಆಯಿಲ್ ಹಾಕಿ ನೋಡದೆ ಎಂಜಿನ್ ಇಳಿಸಲು ಒಪ್ಪಬೇಡಿ. ಇಳಿಸಿದರೆ ತೆಗೆದ ಹಳೇ ಸಾಮಾನು ಚೀಲಕ್ಕೆ ಹಾಕಿಸಿಕೊಂಡು ಬನ್ನಿ. ಒಳ್ಳೇ ಮೆಕ್ಯಾನಿಕ್ ಇದಕ್ಕೆ ಬೇಸರ ಪಡಲ್ಲ, ಅವನೇ ತೋರಿಸುತ್ತಾನೆ.

"ಹೊಸ ಗಾಡೀಲಿ ಎಂಜಿನ್ ಲೈಟ್ ಹತ್ತಿದೆ. ಸೆನ್ಸರ್ ಬದಲಾಯಿಸಿ ಅಂದ್ರು."

2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬೈಕುಗಳಿಗೂ ಈ ಲೈಟು ಸಾಮಾನ್ಯವಾಯಿತು. ಕಾರಾದರೆ ಸ್ಕ್ಯಾನರ್ ಹಾಕಿ ಬಂದ ಕೋಡ್ ಬರೆದುಕೊಳ್ಳಿ, ಅಳಿಸುವ ಮೊದಲು. ಕೋಡ್ ಹೇಳುವುದು ಕಂಡದ್ದನ್ನು, ಕಾರಣವನ್ನಲ್ಲ. ಪಿ0171 ಅಂದರೆ ಗಾಳಿ ಜಾಸ್ತಿ, ಇಂಧನ ಕಮ್ಮಿ. ಆಕ್ಸಿಜನ್ ಸೆನ್ಸರ್ ಅದನ್ನು ವರದಿ ಮಾಡಿದೆ ಅಂತ ಆ ಸೆನ್ಸರನ್ನೇ ಕಿತ್ತರೆ ಹೇಗೆ? ಒಡೆದ ರಬ್ಬರ್ ಪೈಪು, ಕಟ್ಟಿದ ಇಂಧನ ಫಿಲ್ಟರ್ ಮೊದಲು ನೋಡಿ. ಪಿ0300 ಅಂದರೆ ಮಿಸ್‌ಫೈರ್, ಪ್ಲಗ್ ಮತ್ತು ಕಾಯಿಲಿನಿಂದ ಶುರು ಮಾಡಿ. ಕಾರಿನಲ್ಲಿ ಲೈಟು ಮಿಣುಕುತ್ತಿದ್ದರೆ ಜೋರಾಗಿ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ.

ಹೋಂಡಾದ ಹಲವು ಬೈಕುಗಳಲ್ಲಿ ಲೈಟೇ ಕೋಡ್ ಹೇಳುತ್ತೆ: ಉದ್ದ ಮಿಣುಕು ಹತ್ತು, ಚಿಕ್ಕದು ಒಂದು. ಎರಡು ಉದ್ದ, ಒಂದು ಚಿಕ್ಕದು ಅಂದರೆ 21. ಫೋನಿನಲ್ಲಿ ವಿಡಿಯೋ ಮಾಡಿ ಎಣಿಸಿ.

"ಆರ್‌ಎಕ್ಸ್ 100ಕ್ಕೆ ಬೋರ್ ಹೊಡೆಸಬೇಕು. ಮೊದಲು ಪಿಸ್ಟನ್ ತರೋದಾ, ಲೇತಿಗೆ ಕೊಡೋದಾ?"

ಬೋರ್ ಹೊಡೆಸೋದು ಅಂದರೆ ಸವೆದ ಬೋರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡಿಸೋದು. ಮೊದಲು ಲೇತಿನವರ ಹತ್ತಿರ ಬೋರ್ ಅಳೆಸಿ ಯಾವ ಸೈಜಿಗೆ ಹೋಗಬೇಕು ಅಂತ ತಿಳಿದುಕೊಳ್ಳಿ, ಆಮೇಲೆ ಪಿಸ್ಟನ್ ತನ್ನಿ, ಅದನ್ನು ಕೈಗೆ ಕೊಟ್ಟೇ ಬೋರ್ ಹೊಡೆಸಿ. ಡಬ್ಬಿಯ ಮೇಲೆ 0.50 ಅಂತ ಬರೆದ ಎರಡು ಕಂಪನಿಯ ಪಿಸ್ಟನ್‌ಗಳು ಮೈಕ್ರೋಮೀಟರಿನಲ್ಲಿ ಒಂದೇ ಇರಲ್ಲ. ಓವರ್‌ಸೈಜ್‌ಗಳು 0.25, 0.50, 0.75, 1.00 ಮಿಲಿಮೀಟರ್ ಅಂತ ಹೋಗುತ್ತವೆ. ಆದಷ್ಟು ಚಿಕ್ಕದರಲ್ಲಿ ಮುಗಿಸಿದರೆ ಆ ಬ್ಲಾಕಿಗೆ ಇನ್ನೊಂದು ಜನ್ಮ ಉಳಿಯುತ್ತೆ. ತಮಾಷೆ ಏನಂದರೆ ಈ ಎಂಜಿನ್ನಿನ ಬೋರೂ 50, ಸ್ಟ್ರೋಕೂ 50 ಮಿಲಿಮೀಟರ್, ಅಂದರೆ 98 ಸಿಸಿ. 0.50 ಹೊಡೆಸಿದ ಮೇಲೇ ಅದು ಹೆಸರಿಗೆ ತಕ್ಕ ಹಾಗೆ 100 ದಾಟೋದು.

ಇಂಥ ಟೂ ಸ್ಟ್ರೋಕ್ ಬೋರಿನಲ್ಲಿ ಮರೆಯಬಾರದ ಕೆಲಸ ಪೋರ್ಟಿನ (ಬೋರಿನ ಗೋಡೆಯಲ್ಲಿರುವ ಕಿಂಡಿಯ) ಅಂಚು ಉಜ್ಜಿಸುವುದು. ಹೊಡೆಸಿದ ಮೇಲೆ ಪೋರ್ಟ್ ಅಂಚುಗಳು ಬ್ಲೇಡಿನ ಹಾಗಿರುತ್ತವೆ, ರಿಂಗ್ ಅಲ್ಲಿಗೆ ಸಿಕ್ಕಿಕೊಂಡು ಮುರಿಯುತ್ತೆ. ಬೆರಳ ತುದಿಯಿಂದ ಸವರಿ ನೋಡಿ, ಉಗುರು ತಡೆದರೆ ವಾಪಸ್ ಕೊಡಿ. ರಿಂಗನ್ನು ಬೋರಿನೊಳಗೆ ಇಟ್ಟು ತುದಿಗಳ ಸಂದು ಅಳೆಯಿರಿ. ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗೆ. ಮೊದಲ ಐನೂರು ಕಿಲೋಮೀಟರ್ ಒಂದೇ ವೇಗದಲ್ಲಿ ಎಳೆಯಬೇಡಿ. ಆಯಿಲ್ ಪಂಪಿನ ಪೈಪಿನಲ್ಲಿ ಗಾಳಿ ಗುಳ್ಳೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳದೆ ಹೊಸ ಬೋರ್ ಓಡಿಸಿ ಸೀಜ್ ಮಾಡಿಕೊಂಡು (ಪಿಸ್ಟನ್ ಬೋರಿಗೆ ಕಚ್ಚಿಕೊಂಡು) ಬಂದವರು ನಮ್ಮ ಆರು ಜನರಲ್ಲೇ ಇಬ್ಬರಿದ್ದಾರೆ.

"ಗುಜರಿಯಲ್ಲಿ ಒಳ್ಳೇ ಎಂಜಿನ್ ಸಿಕ್ತು. ಅದನ್ನೇ ಕೂರಿಸಿಬಿಟ್ರೆ?"

ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿದೆ. ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿಗೂ ತಾಳೆಯಾಗದಂಥ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ಕೆಎ-16 ಆಗಲಿ ಕೆಎ-17 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಿ, ಆಮೇಲೆ ದುಡ್ಡು ಕೊಡಿ. ಎಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ ಬೇಕು. ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಬಿಲ್ ಕೊಡಲ್ಲ ಅಂದರೆ, ಅಥವಾ ನಂಬರ್ ಜಾಗ ಗ್ರೈಂಡ್ ಮಾಡಿದ ಹಾಗೆ ನುಣ್ಣಗಿದ್ದರೆ, ಎಷ್ಟೇ ಕಮ್ಮಿಗೆ ಕೊಟ್ಟರೂ ಅಲ್ಲಿಂದ ಎದ್ದು ಬನ್ನಿ.